ಅಂದದ ಜೋಡುನಳಿಗೆ, ಹೊಂದದ ಗುಂಡು

ತಕ್ಕಡಿಯನ್ನು ಅದು ತೂಗುವ ತೂಕದಿಂದಲೂ ಗಡಿಯಾರವನ್ನು ಅದು ತೋರಿಸುವ ವೇಳೆಯಿಂದಲೂ ಅಳೆಯುತ್ತೇವೆ. ತೂಕ ತಪ್ಪುವ ತಕ್ಕಡಿಗೆ ಬೆಳ್ಳಿಯ ಕಟ್ಟು ಹಾಕಿಸಿದರೂ ಯಾವ ವ್ಯಾಪಾರಿಯೂ ಅದನ್ನು ಒಳ್ಳೆಯ ತಕ್ಕಡಿ ಎನ್ನಲಾರ. ಆದರೆ ಕೆಲವು ಉಪಕರಣಗಳ ವಿಷಯದಲ್ಲಿ ಈ ಸರಳ ನ್ಯಾಯ ನಡೆಯುವುದಿಲ್ಲ. ಅವುಗಳ ಸುತ್ತ ಬೆಳೆದ ಕೀರ್ತಿ, ಕಸುಬಿನ ಕತೆಗಳು ಮತ್ತು ಬೆಲೆ ಎಷ್ಟು ದೊಡ್ಡವೆಂದರೆ, ಉಪಕರಣ ತನ್ನ ಕೆಲಸ ಮಾಡುತ್ತದೆಯೇ ಎಂದು ಕೇಳುವುದೇ ಅಸಭ್ಯವೆನಿಸುತ್ತದೆ. ಬ್ರಿಟನ್ನಿನ ಜೋಡುನಳಿಗೆಯ ರೈಫಲ್ ಇಂಥದೊಂದು ಉಪಕರಣ. ಅದನ್ನು ಕೊಂಡವನು ಗುಂಡುಗಳು ಒಂದೆಡೆ ಸೇರುವುದಿಲ್ಲವೆಂದು ಹಿಂದಿರುಗಿಸಲು ಹೋದಾಗ ಎದುರಾಗುವ ವಾದಗಳನ್ನು ಭೌತವಿಜ್ಞಾನ ಮತ್ತು ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ವಿಮರ್ಶಿಸುವುದು ಈ ಲೇಖನದ ಉದ್ದೇಶ. ಪ್ರಶ್ನೆ ಬಂದೂಕಿನದಾದರೂ ಅದರ ಹಿಂದಿನ ತರ್ಕ ಯಾವುದೇ ದುಬಾರಿ ಉಪಕರಣಕ್ಕೆ ಅನ್ವಯಿಸುತ್ತದೆ.

ಏಕೆ ಎರಡು ನಳಿಗೆ?

ಜೋಡುನಳಿಗೆಯ ರೈಫಲ್ ಹುಟ್ಟಿದ್ದು ಆನೆ, ಕಾಡುಕೋಣ, ಹುಲಿಗಳಂಥ ಪ್ರಾಣಿಗಳನ್ನು ಹತ್ತಿರದಿಂದ ಎದುರಿಸಬೇಕಾದವರಿಗಾಗಿ. ಎರಡು ನಳಿಗೆ, ಎರಡು ಟ್ರಿಗರ್, ಎರಡು ಪ್ರತ್ಯೇಕ ಲಾಕುಗಳು ಇರುವುದರಿಂದ ಇದು ವಾಸ್ತವವಾಗಿ ಒಂದೇ ಹಿಡಿಗೆ ಜೋಡಿಸಿದ ಎರಡು ಬಂದೂಕು. ಒಂದು ತೋಟ ಹಾರದೆ ಹೋದರೂ ಒಂದು ಸ್ಪ್ರಿಂಗು ಮುರಿದರೂ ಇನ್ನೊಂದು ಸಿದ್ಧವಾಗಿರುತ್ತದೆ. ಬೋಲ್ಟನ್ನು ಎಳೆದು ತಳ್ಳುವ ಕೆಲಸವಿಲ್ಲದೆ ಎರಡನೆಯ ಗುಂಡು ಹಾರುತ್ತದೆ. ಬೋಲ್ಟಿಗೆ ಬೇಕಾದ ಜಾಗ ಉಳಿಯುವುದರಿಂದ ಬಂದೂಕಿನ ಒಟ್ಟು ಉದ್ದವೂ ಕಡಿಮೆ.

ಕನ್ನಡದ ಓದುಗರಿಗೆ ಶಿಕಾರಿ ಸಾಹಿತ್ಯ ಹೊಸದಲ್ಲ. ಪೂರ್ಣಚಂದ್ರ ತೇಜಸ್ವಿಯವರ ಅನುವಾದಗಳ ಮೂಲಕ ಕೆನೆತ್ ಆಂಡರ್ಸನ್ ಮತ್ತು ಜಿಮ್ ಕಾರ್ಬೆಟ್ ಇಬ್ಬರೂ ನಮ್ಮ ಮನೆಮಾತಾಗಿದ್ದಾರೆ. ಕಾರ್ಬೆಟ್ ಅವರ ಬಳಿ .450/400 ಬೋರಿನ ಜೋಡುನಳಿಗೆ ಇತ್ತು. ಬೆಂಗಳೂರಿನಲ್ಲಿ ನೆಲೆಸಿದ್ದ ಆಂಡರ್ಸನ್ ಬಹುಪಾಲು ನೆಚ್ಚಿಕೊಂಡಿದ್ದು .405 ವಿಂಚೆಸ್ಟರ್ ಎಂಬ ಒಂಟಿನಳಿಗೆಯ, ಕಾರ್ಖಾನೆಯಲ್ಲಿ ತಯಾರಾದ ಅಮೆರಿಕನ್ ರೈಫಲ್ಲನ್ನು. ಒಂಟಿನಳಿಗೆಗೆ ಇಲ್ಲದ ಒಂದು ಸಮಸ್ಯೆ ಜೋಡುನಳಿಗೆಗೆ ಹುಟ್ಟಿನಿಂದಲೇ ಅಂಟಿಕೊಂಡಿದೆ. ಎರಡು ನಳಿಗೆಗಳಿಗೂ ಗುರಿ ನೋಡುವ ಸೈಟು ಮಾತ್ರ ಒಂದೇ. ಎರಡೂ ಗುಂಡುಗಳು ಆ ಒಂದೇ ಗುರಿಗೆ ಹೋಗಬೇಕು.

ನೇರವಾಗಿ ಇಟ್ಟರೆ ನೇರವಾಗಿ ಹೋಗದು

ಎರಡು ನಳಿಗೆಗಳನ್ನು ಪರಸ್ಪರ ಸಮಾಂತರವಾಗಿ ಜೋಡಿಸಿದರೆ ಸಾಕಲ್ಲವೇ ಎಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ಇಲ್ಲ. ಬಲ ನಳಿಗೆ ಹಾರಿದಾಗ ಹಿನ್ನೆಗೆತದ ಬಲ ಬಂದೂಕಿನ ದ್ರವ್ಯರಾಶಿ ಕೇಂದ್ರದ ಮೂಲಕ ಹಾಯುವುದಿಲ್ಲ, ಅದರ ಬಲಕ್ಕೆ ಹಾಯುತ್ತದೆ. ಹೀಗಾಗಿ ಬಂದೂಕು ಹಿಂದೆ ಸರಿಯುವುದರ ಜೊತೆಗೆ ಬಾಯಿಯ ಭಾಗ ಬಲಕ್ಕೆ ತಿರುಗುತ್ತದೆ. ಎಡ ನಳಿಗೆ ಹಾರಿದಾಗ ಎಡಕ್ಕೆ. ಈ ತಿರುಗುವಿಕೆ ಗುಂಡು ಹೊರಬೀಳುವ ಮೊದಲೇ ಆರಂಭವಾಗಿರುತ್ತದೆ.

ಇದು ಎಷ್ಟು ದೊಡ್ಡದೆಂಬುದನ್ನು ಪ್ರೌಢಶಾಲೆಯ ಗಣಿತದಿಂದಲೇ ಅಂದಾಜು ಮಾಡಬಹುದು. .470 ನೈಟ್ರೊ ಎಕ್ಸ್‌ಪ್ರೆಸ್ ತೋಟವನ್ನು ತೆಗೆದುಕೊಳ್ಳೋಣ. ಅದರ ಗುಂಡು 500 ಗ್ರೇನ್, ಅಂದರೆ 32.4 ಗ್ರಾಂ. ವೇಗ ಸೆಕೆಂಡಿಗೆ 2150 ಅಡಿ, ಅಂದರೆ ಸುಮಾರು 655 ಮೀಟರ್. ಮೂಲ ಮದ್ದು 75 ಗ್ರೇನ್ ಕಾರ್ಡೈಟ್, ಅಂದರೆ 4.9 ಗ್ರಾಂ. ರೈಫಲ್ಲಿನ ತೂಕ 4.8 ಕಿಲೋಗ್ರಾಂ, ನಳಿಗೆಯ ಉದ್ದ 66 ಸೆಂ.ಮೀ. ಎಂದಿಟ್ಟುಕೊಳ್ಳೋಣ. ಸಂವೇಗ ಸಂರಕ್ಷಣೆಯ ನಿಯಮದಂತೆ, ಗುಂಡು ಮತ್ತು ಮದ್ದಿನ ಅನಿಲದ ಅರ್ಧದಷ್ಟು ದ್ರವ್ಯರಾಶಿ 66 ಸೆಂ.ಮೀ. ಮುಂದೆ ಹೋಗುವಷ್ಟರಲ್ಲಿ ರೈಫಲ್ ಸುಮಾರು 4.8 ಮಿ.ಮೀ. ಹಿಂದೆ ಸರಿದಿರುತ್ತದೆ.

ಇನ್ನು ತಿರುಗುವಿಕೆ. ನಳಿಗೆಯ ಅಕ್ಷ ಮಧ್ಯರೇಖೆಯಿಂದ 13 ಮಿ.ಮೀ. ದೂರದಲ್ಲಿದ್ದು, ರೈಫಲ್ಲಿನ ಜಡತ್ವ ಭ್ರಾಮಕ 0.3 ಕಿ.ಗ್ರಾಂ. ಚದರ ಮೀಟರ್ ಇದ್ದರೆ, ಗುಂಡು ಬಾಯಿಗೆ ಬರುವ ಹೊತ್ತಿಗೆ ರೈಫಲ್ ಸುಮಾರು 1 ಮಿಲಿರೇಡಿಯನ್ ತಿರುಗಿರುತ್ತದೆ. ಜೊತೆಗೆ ಬಾಯಿಯು ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ವೇಗದಲ್ಲಿ ಬದಿಗೆ ಚಲಿಸುತ್ತಿರುತ್ತದೆ. ಹೊರಬೀಳುವ ಗುಂಡಿಗೆ ಈ ವೇಗವೂ ಸೇರಿ ಇನ್ನೂ 0.8 ಮಿಲಿರೇಡಿಯನ್ ಓರೆ ಬರುತ್ತದೆ. ಒಟ್ಟು 1.8 ಮಿಲಿರೇಡಿಯನ್. ಇದು ಒಂದು ಡಿಗ್ರಿಯ ಹತ್ತನೆಯ ಒಂದು ಭಾಗ ಮಾತ್ರ. ಆದರೆ 100 ಮೀಟರ್ ದೂರದಲ್ಲಿ ಅದು 18 ಸೆಂ.ಮೀ. ಆಗುತ್ತದೆ. ಎರಡು ನಳಿಗೆಗಳು ವಿರುದ್ಧ ದಿಕ್ಕಿಗೆ ತಿರುಗುವುದರಿಂದ, ಸಮಾಂತರ ನಳಿಗೆಗಳ ಗುಂಡುಗಳು ಒಂದಕ್ಕೊಂದು 36 ಸೆಂ.ಮೀ. ದೂರ ಬೀಳಬೇಕು! ಹಿಡಿದ ಕೈ ಮತ್ತು ಭುಜಗಳು ಈ ಅಂಕಿಯನ್ನು ಬದಲಿಸುತ್ತವೆ, ಆದರೂ ಪರಿಮಾಣದ ಅಂದಾಜು ಇದೇ.

ಆದ್ದರಿಂದ ನಳಿಗೆಗಳನ್ನು ಬಾಯಿಯ ಕಡೆಗೆ ಒಳಮುಖವಾಗಿ ಬಾಗಿಸಿ ಜೋಡಿಸುತ್ತಾರೆ. ನಮ್ಮ ಲೆಕ್ಕದ ಪ್ರಕಾರ ಅವುಗಳ ಅಕ್ಷರೇಖೆಗಳು ಬಾಯಿಯಿಂದ ಕೆಲವೇ ಮೀಟರ್ ಮುಂದೆ ಒಂದನ್ನೊಂದು ದಾಟಬೇಕು. ಎರಡು ನಳಿಗೆಗಳು 100 ಗಜದಲ್ಲಿ ಒಂದೇ ಬಿಂದುವನ್ನು ನೋಡುವಂತೆ ಜೋಡಿಸಲಾಗಿರುತ್ತದೆ ಎಂಬ ಜನಪ್ರಿಯ ಹೇಳಿಕೆ ಇಲ್ಲಿಯೇ ಬಿದ್ದುಹೋಗುತ್ತದೆ. ಕಣ್ಣಿಗೆ ಕಾಣುವ ನಳಿಗೆಯ ದಿಕ್ಕು ಬೇರೆ, ಗುಂಡಿನ ದಿಕ್ಕು ಬೇರೆ. ಸರಿಯಾಗಿ ಹೊಂದಿಸಿದ ರೈಫಲ್ಲಿನಲ್ಲಿ ಗುಂಡುಗಳ ಹಾದಿಗಳು ದಾಟಿ ಹೋಗುವುದಿಲ್ಲ, ಬಹುತೇಕ ಸಮಾಂತರವಾಗಿ ಸಾಗುತ್ತವೆ. ಬಲ ನಳಿಗೆಯ ಗುಂಡು ಗುರಿಯ ತುಸು ಬಲಕ್ಕೆ, ಎಡದ್ದು ತುಸು ಎಡಕ್ಕೆ ತಾಗಿ, ಅವುಗಳ ನಡುವಿನ ಅಂತರ ನಳಿಗೆಗಳ ನಡುವಿನ ಅಂತರದಷ್ಟೇ ಇರಬೇಕು.

ಬೆಣೆ ಮತ್ತು ಬೆಸುಗೆ

ಈ ಹೊಂದಿಕೆಯನ್ನು ಲೆಕ್ಕ ಹಾಕಿ ಮಾಡುವುದಿಲ್ಲ, ಹಾರಿಸಿ ನೋಡಿ ಮಾಡುತ್ತಾರೆ. ನಳಿಗೆಗಳನ್ನು ತವರ-ಸೀಸದ ಬೆಸುಗೆಯಿಂದ ಕೂಡಿಸಿ, ಬಾಯಿಯ ನಡುವೆ ಒಂದು ಪುಟ್ಟ ಬೆಣೆ ಇಡುತ್ತಾರೆ. ಗುಂಡುಗಳು ದೂರ ಬಿದ್ದರೆ ಬಾಯಿಯ ಭಾಗವನ್ನು ಬೆಸುಗೆ ಕರಗುವಷ್ಟು ಕಾಯಿಸಿ, ಬೆಣೆಯನ್ನು ಕೂದಲೆಳೆಯಷ್ಟು ಸರಿಸಿ, ಆರಿಸಿ, ಮತ್ತೆ ಹಾರಿಸುತ್ತಾರೆ. ಬಾಯಿಯಲ್ಲಿ 0.1 ಮಿ.ಮೀ. ಸರಿಸಿದರೆ 100 ಮೀಟರಿನಲ್ಲಿ ಗುಂಡು ಸುಮಾರು 1.5 ಸೆಂ.ಮೀ. ಸರಿಯುತ್ತದೆ. ಹೀಗೆ ಹಲವು ಸಲ ಮಾಡಿದ ಮೇಲೆ ಹೊಂದಿಕೆ ಸಿಗುತ್ತದೆ.

ಈ ಕಸುಬನ್ನು ಅಂದಾಜಿನ ಕೆಲಸವೆಂದು ಹಗುರವಾಗಿ ಕಾಣುವುದು ತಪ್ಪು. ಪ್ರಯೋಗಾಲಯದಲ್ಲಿ ವೀಟ್‌ಸ್ಟೋನ್ ಸೇತುವೆಯ ಮುಳ್ಳನ್ನು ಶೂನ್ಯಕ್ಕೆ ತರುವಂತೆ, ಇಲ್ಲಿಯೂ ದೋಷವನ್ನು ಅಳೆದು, ತಿದ್ದಿ, ಮತ್ತೆ ಅಳೆದು ಶೂನ್ಯದತ್ತ ತರಲಾಗುತ್ತದೆ. ಎಲ್ಲ ಕಾರಣಗಳೂ ಗೊತ್ತಿಲ್ಲದಿದ್ದರೂ ಫಲಿತಾಂಶವನ್ನು ಸರಿಪಡಿಸುವ ಪ್ರಾಮಾಣಿಕ ವಿಧಾನವಿದು. ಕೆಲವು ಆಧುನಿಕ ಜರ್ಮನ್ ರೈಫಲ್ಲುಗಳಲ್ಲಿ ಬೆಸುಗೆಯ ಬದಲು ಹೊಂದಿಸಬಹುದಾದ ಬೆಣೆಯನ್ನೇ ಇಟ್ಟಿದ್ದಾರೆ. ತತ್ವ ಅದೇ, ಕಾಯಿಸುವ ತೊಂದರೆ ಮಾತ್ರ ತಪ್ಪಿದೆ.

ಅಡ್ಡದಾರಿಯೂ ಒಂದಿದೆ. ನಳಿಗೆಗಳನ್ನು ಸರಿಸುವ ಬದಲು ಬಾಯಿಯ ಒಳಅಂಚನ್ನು ಒಂದು ಕಡೆ ಅರೆದುಬಿಟ್ಟರೆ, ಗುಂಡಿನ ಹಿಂದೆ ನುಗ್ಗುವ ಅನಿಲ ಒಂದು ಬದಿಯಿಂದ ಮೊದಲು ಹೊರಬಂದು ಗುಂಡನ್ನು ಓರೆ ಮಾಡುತ್ತದೆ. ಗುಂಡು ಬಯಸಿದ ಕಡೆಗೆ ಸರಿದಂತೆ ಕಾಣುತ್ತದೆ. ಆದರೆ ನಳಿಗೆಯ ಬಾಯಿ ಸಮವಾಗಿರಬೇಕೆಂಬುದು ರೈಫಲ್ಲಿನ ನಿಖರತೆಯ ಮೊದಲ ಪಾಠ. ಅರೆದ ಬಾಯಿಯ ನಳಿಗೆ ಗುಂಡನ್ನು ಸರಿಸುವುದರ ಜೊತೆಗೆ ಚೆದರಿಸುತ್ತದೆ. ಇಂಥ ಗುರುತು ಕಂಡರೆ ಹಿಂದಿರುಗಿಸಲು ಬೇರೆ ಕಾರಣ ಬೇಕಿಲ್ಲ.

ಒಂದು ವಿವರಣೆ ಮತ್ತು ಅದರ ಕೊರತೆ

ಗುಂಡು ಸೇರುತ್ತಿಲ್ಲವೆಂದು ದೂರಿದವನಿಗೆ ಸಿಗುವ ಮೊದಲ ಉತ್ತರ, ನಿಮ್ಮ ತೋಟ ಸರಿಯಿಲ್ಲ ಎಂಬುದು. ಇದರಲ್ಲಿ ದೊಡ್ಡ ಸತ್ಯಾಂಶವಿದೆ. ಜೋಡುನಳಿಗೆಯನ್ನು ಒಂದು ನಿರ್ದಿಷ್ಟ ಗುಂಡಿನ ತೂಕಕ್ಕೆ ಮತ್ತು ವೇಗಕ್ಕೆ ಹೊಂದಿಸಿರುತ್ತಾರೆ. ಹಳೆಯ ಬ್ರಿಟಿಷ್ ರೈಫಲ್ಲುಗಳ ನಳಿಗೆಯ ಬುಡದಲ್ಲಿ ಕಾರ್ಡೈಟಿನ ಮತ್ತು ಗುಂಡಿನ ತೂಕವನ್ನು ಕೊರೆದಿರುವುದುಂಟು. ಬಿಸಿಲಿನಲ್ಲಿ ಕಾರ್ಡೈಟಿನ ಒತ್ತಡ ಏರುವುದರಿಂದ ಉಷ್ಣವಲಯದ ದೇಶಗಳಿಗೆಂದು ಮದ್ದು ಕಡಿಮೆ ಮಾಡಿದ ತೋಟಗಳನ್ನು ಬೇರೆಯಾಗಿ ತಯಾರಿಸುತ್ತಿದ್ದರು. ಇಂಗ್ಲೆಂಡಿನ ಚಳಿಯಲ್ಲಿ ಸೇರಿದ ಗುಂಡು ಮೇ ತಿಂಗಳ ಮಧ್ಯಭಾರತದಲ್ಲಿ ಸೇರದಿರಲು ಸಕಾರಣವಿತ್ತು. ತೋಟವೂ ಈ ಉಪಕರಣದ ಒಂದು ಬಿಡಿಭಾಗವೆಂದೇ ತಿಳಿಯಬೇಕು.

ಆದರೆ ಈ ಅನುಭವಕ್ಕೆ ಶಿಕಾರಿ ಬರಹಗಾರರು ಸಾಮಾನ್ಯವಾಗಿ ಕೊಡುವ ವಿವರಣೆಯನ್ನು ಒಪ್ಪುವುದು ಕಷ್ಟ. ಅವರ ಪ್ರಕಾರ, ನಿಧಾನದ ಗುಂಡು ನಳಿಗೆಯಲ್ಲಿ ಹೆಚ್ಚು ಹೊತ್ತು ಇರುತ್ತದೆ. ಆ ಹೊತ್ತಿನಲ್ಲಿ ರೈಫಲ್ ಹೆಚ್ಚು ತಿರುಗುತ್ತದೆ. ಆದ್ದರಿಂದ ಗುಂಡುಗಳು ಹೊರಕ್ಕೆ ಅಗಲುತ್ತವೆ. ವೇಗದ ಗುಂಡು ಬೇಗ ಹೊರಬೀಳುವುದರಿಂದ ಗುಂಡುಗಳು ಒಳಕ್ಕೆ ದಾಟುತ್ತವೆ. ಕೇಳಲು ಸೊಗಸಾಗಿದೆ.

ನಿಂತ ನೀರಿನಲ್ಲಿ ಒಂದು ದೋಣಿಯನ್ನು ಕಲ್ಪಿಸಿಕೊಳ್ಳಿ. ಒಬ್ಬ ಮನುಷ್ಯ ಅದರ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರೆ ದೋಣಿ ಹಿಂದಕ್ಕೆ ಸರಿಯುತ್ತದೆ. ನೀರಿನ ತಡೆಯನ್ನು ಬಿಟ್ಟರೆ, ಅವನು ನಿಧಾನ ನಡೆದರೂ ಓಡಿದರೂ ದೋಣಿ ಸರಿಯುವ ದೂರ ಒಂದೇ. ನಿಧಾನ ನಡೆದರೆ ದೋಣಿಗೆ ಹೆಚ್ಚು ಸಮಯ ಸಿಗುತ್ತದೆ ನಿಜ, ಆದರೆ ಅದು ಅಷ್ಟೇ ನಿಧಾನವಾಗಿ ಸರಿಯುತ್ತದೆ. ರೈಫಲ್ಲಿನ ವಿಷಯವೂ ಹೀಗೆಯೇ. ಮೇಲೆ ನಾವು ಮಾಡಿದ ಲೆಕ್ಕವನ್ನು ಮತ್ತೆ ನೋಡಿದರೆ, 1 ಮಿಲಿರೇಡಿಯನ್ ತಿರುಗುವಿಕೆಯಲ್ಲಿ ಗುಂಡಿನ ವೇಗ ಎಲ್ಲಿಯೂ ಬರುವುದಿಲ್ಲ. ಗುಂಡಿನ ದ್ರವ್ಯರಾಶಿ, ನಳಿಗೆಯ ಉದ್ದ, ಅಕ್ಷದ ಅಂತರ ಮತ್ತು ಜಡತ್ವ ಭ್ರಾಮಕ ಇಷ್ಟೇ ಬರುತ್ತವೆ. ಬದಿಯ ಚಲನೆಯಿಂದ ಬರುವ 0.8 ಮಿಲಿರೇಡಿಯನ್ನಿನಲ್ಲಿಯೂ ಬಾಯಿಯ ಬದಿವೇಗ ಗುಂಡಿನ ವೇಗಕ್ಕೆ ಅನುಪಾತದಲ್ಲಿದ್ದು, ಭಾಗಿಸಿದಾಗ ವೇಗ ಅಳಿಸಿಹೋಗುತ್ತದೆ. ಮದ್ದು ಹೆಚ್ಚಿಸಿದರೆ ಅನಿಲದ ದ್ರವ್ಯರಾಶಿ ತುಸು ಹೆಚ್ಚಿ, ವೇಗದ ಗುಂಡುಗಳೇ ತುಸು ಹೊರಕ್ಕೆ ಅಗಲಬೇಕಾಗುತ್ತದೆ. ಅನುಭವ ಹೇಳುವುದು ಇದರ ವಿರುದ್ಧ.

ಹಾಗಾದರೆ ಅನುಭವ ಸುಳ್ಳೇ? ಅಲ್ಲ, ವಿವರಣೆ ಅಪೂರ್ಣ. ರೈಫಲ್ಲನ್ನು ಬಾಗದ ಕಟ್ಟಿಗೆಯ ತುಂಡಿನಂತೆ ಭಾವಿಸಿದ್ದರಿಂದ ಈ ವಿರೋಧ ಬಂತು. ನಿಜದಲ್ಲಿ ನಳಿಗೆಗಳಿಗೆ ಸ್ಪ್ರಿಂಗಿನ ಗುಣವಿದೆ. ಬುಡಕ್ಕೆ ಬಿದ್ದ ಏಟಿನ ಪರಿಣಾಮ ಬಾಯಿಗೆ ತಲುಪಲು ಹೊತ್ತು ಬೇಕು. ಉದ್ದನೆಯ ಬಿದಿರುಗಳುವಿನ ಬುಡವನ್ನು ತಟ್ಟನೆ ತಿರುಗಿಸಿದರೆ ತುದಿ ಹಿಂದುಳಿದು ಆಮೇಲೆ ಬರುವಂತೆ, ನಳಿಗೆಯ ಬಾಯಿಯೂ ಹಿಂದುಳಿಯುತ್ತದೆ. ವೇಗದ ಗುಂಡು ಬಾಯಿ ತಿರುಗುವುದಕ್ಕೆ ಮೊದಲೇ ಹೊರಬೀಳುತ್ತದೆ. ನಿಧಾನದ ಗುಂಡು ಬಾಯಿ ಬುಡವನ್ನು ಹಿಂಬಾಲಿಸಿ ಬಂದ ಮೇಲೆ ಹೊರಬೀಳುತ್ತದೆ. ಈ ರೀತಿ ನೋಡಿದರೆ ವೇಗದ ಗುಂಡುಗಳು ದಾಟುವುದೂ ನಿಧಾನದವು ಅಗಲುವುದೂ ಹೊಂದಿಕೆಯಾಗುತ್ತವೆ.

ಇದು ಬರಿಯ ಶಾಸ್ತ್ರಚರ್ಚೆಯಲ್ಲ. ಹಳೆಯ ವಿವರಣೆಯನ್ನು ನಂಬಿದರೆ, ವೇಗವೊಂದನ್ನು ಸರಿಪಡಿಸಿದರೆ ಎಲ್ಲವೂ ಸರಿಹೋಗಬೇಕು, ಹೋಗದಿದ್ದರೆ ತಪ್ಪು ಹಾರಿಸಿದವನದು. ಬಾಗುವಿಕೆಯನ್ನು ಒಪ್ಪಿದರೆ, ಬೆಸುಗೆ ಬಿಟ್ಟ ಪಟ್ಟಿ, ಸಡಿಲವಾದ ಕೀಲು, ಹಿಡಿಯ ಮರದೊಳಗೆ ಸರಿಯಾಗಿ ಕೂರದ ಲೋಹ ಇವೆಲ್ಲವೂ ಹೊಂದಿಕೆಯನ್ನು ಕೆಡಿಸಬಲ್ಲವು ಎಂಬುದು ಕಾಣುತ್ತದೆ. ಇವು ತಯಾರಕನ ಕಡೆಯ ದೋಷಗಳು.

ನಾಲ್ಕು ರಂಧ್ರಗಳ ಸಾಕ್ಷ್ಯ

ಎರಡನೆಯ ಉತ್ತರ, ರೈಫಲ್ಲಿನ ಜೊತೆ ಬರುವ ಗುರಿಹಲಗೆಯ ಕಾಗದ. ಬಲದಿಂದ ಎರಡು, ಎಡದಿಂದ ಎರಡು, ಒಟ್ಟು ನಾಲ್ಕು ರಂಧ್ರಗಳು ಅಂಗೈಯಗಲದಲ್ಲಿ ಸೇರಿರುವ ಕಾಗದವನ್ನು ತೋರಿಸಿ, ನಮ್ಮಲ್ಲಿ ಸರಿಯಾಗಿತ್ತು ಎನ್ನುವುದು ವಾಡಿಕೆ. ಈ ಸಾಕ್ಷ್ಯದ ತೂಕವೆಷ್ಟು?

ಇಲ್ಲಿ ಎರಡು ಬೇರೆ ಬೇರೆ ರಾಶಿಗಳನ್ನು ಗುರುತಿಸಬೇಕು. ಒಂದು, ಪ್ರತಿ ನಳಿಗೆಯ ಸ್ವಂತ ಚೆದರಿಕೆ. ಇನ್ನೊಂದು, ಎರಡು ನಳಿಗೆಗಳ ಕೇಂದ್ರಗಳ ನಡುವಿನ ಅಂತರ. ಉದಾಹರಣೆಗೆ, ಪ್ರತಿ ನಳಿಗೆಯ ಅಡ್ಡ ಚೆದರಿಕೆಯ ಮಾನಕ ವಿಚಲನೆ 2 ಸೆಂ.ಮೀ. ಎಂದು ಭಾವಿಸೋಣ. ಎರಡು ಗುಂಡುಗಳ ಸರಾಸರಿಯಲ್ಲಿ ಉಳಿಯುವ ಅನಿಶ್ಚಿತತೆ 1.4 ಸೆಂ.ಮೀ. ಇಂಥ ಎರಡು ಸರಾಸರಿಗಳ ವ್ಯತ್ಯಾಸದಲ್ಲಿ 2 ಸೆಂ.ಮೀ. ಅಂದರೆ ಸಂಪೂರ್ಣ ಸರಿಯಾದ ರೈಫಲ್ ಕೂಡ ಇಪ್ಪತ್ತು ಸಲಕ್ಕೆ ಸುಮಾರು ಒಂದು ಸಲ 4 ಸೆಂ.ಮೀ.ಗಿಂತ ಹೆಚ್ಚು ತಪ್ಪಿದಂತೆ ಕಾಣುತ್ತದೆ. ಹಾಗೆಯೇ ನಿಜವಾಗಿ 4 ಸೆಂ.ಮೀ. ತಪ್ಪಿರುವ ರೈಫಲ್ ಒಂದು ಒಳ್ಳೆಯ ದಿನ ಅಚ್ಚುಕಟ್ಟಾಗಿ ಸೇರಿಸಿ ತೋರಿಸಬಹುದು. ಪ್ರತಿ ನಳಿಗೆಯಿಂದ ಹತ್ತು ಗುಂಡು ಹಾರಿಸಿದರೆ ಈ ಅನಿಶ್ಚಿತತೆ 0.9 ಸೆಂ.ಮೀ.ಗೆ ಇಳಿಯುತ್ತದೆ. ಆಗ ಮಾತ್ರ ತೀರ್ಪು ಕೊಡಬಹುದು.

ಅಷ್ಟೇ ಅಲ್ಲ, ಹಲವು ಕಾಗದಗಳಲ್ಲಿ ಚೆನ್ನಾಗಿರುವುದನ್ನು ಆರಿಸಿ ಕಳಿಸಿದ್ದರೆ ಅದು ಪರೀಕ್ಷೆಯಲ್ಲ, ಜಾಹೀರಾತು. ತೋಟ ದುಬಾರಿ, ಭುಜಕ್ಕೆ ನೋವು ಎಂಬ ಕಾರಣಗಳಿಂದ ಕಡಿಮೆ ಗುಂಡು ಹಾರಿಸುವುದು ಅರ್ಥವಾಗುತ್ತದೆ. ಆದರೆ ಇಪ್ಪತ್ತು ತೋಟಗಳ ಬೆಲೆ ಈ ರೈಫಲ್ಲಿನ ಬೆಲೆಯ ಮುಂದೆ ಏನೂ ಅಲ್ಲ. ಲಂಡನ್ನಿನ ಹೆಸರಾಂತ ತಯಾರಕರ ಹೊಸ ಸೈಡ್‌ಲಾಕ್ ಜೋಡುನಳಿಗೆಯ ಬೆಲೆ ಒಂದು ಲಕ್ಷ ಪೌಂಡ್ ದಾಟುತ್ತದೆ.

ಈ ಕಸುಬಿಗೆ ಬಹಿರಂಗ ಪರೀಕ್ಷೆ ಹೊಸದೂ ಅಲ್ಲ. 1883ರಲ್ಲಿ ಲಂಡನ್ನಿನ 'ದಿ ಫೀಲ್ಡ್' ಪತ್ರಿಕೆ ರೈಫಲ್ಲುಗಳ ಸ್ಪರ್ಧಾ ಪರೀಕ್ಷೆ ನಡೆಸಿತು. ಹಾಲಂಡ್ ಅಂಡ್ ಹಾಲಂಡ್ ಸಂಸ್ಥೆ ಎಲ್ಲ ವಿಭಾಗಗಳಲ್ಲಿಯೂ ಗೆದ್ದು, ಆ ಗೆಲುವನ್ನು ದಶಕಗಳ ಕಾಲ ಹೆಮ್ಮೆಯಿಂದ ಹೇಳಿಕೊಂಡಿತು. ಎಂದರೆ, ಈ ಮನೆತನಗಳ ಕೀರ್ತಿ ಹುಟ್ಟಿದ್ದೇ ಅಳತೆಯಿಂದ. ಈಗ ಆ ಕೀರ್ತಿಯನ್ನು ಮುಂದಿಟ್ಟುಕೊಂಡು ಅಳತೆ ಬೇಡವೆನ್ನುವುದು ಹಿರಿಯರಿಗೆ ಮಾಡುವ ಅಪಚಾರ.

ಮೂರನೆಯ ಉತ್ತರ, ಪ್ರೂಫ್ ಮುದ್ರೆ. ಲಂಡನ್ನಿನ ಬಂದೂಕು ತಯಾರಕರ ಸಂಘಕ್ಕೆ 1637ರಲ್ಲಿ ಸನ್ನದು ದೊರೆಯಿತು. ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸ್ 1813ರಲ್ಲಿ ಸ್ಥಾಪನೆಯಾಯಿತು. ಅವು ಒತ್ತುವ ಮುದ್ರೆ, ನಳಿಗೆ ಮಾಮೂಲಿಗಿಂತ ಹೆಚ್ಚಿನ ಒತ್ತಡವನ್ನು ತಡೆದುಕೊಂಡಿದೆ ಎಂದು ಸಾರುತ್ತದೆ. ಅದು ಸುರಕ್ಷತೆಯ ಮುದ್ರೆ, ನಿಖರತೆಯದಲ್ಲ. ಸೇತುವೆ ಭಾರ ತಡೆಯುತ್ತದೆ ಎಂದ ಮಾತ್ರಕ್ಕೆ ಅದು ಸರಿಯಾದ ಊರಿಗೆ ಹೋಗುತ್ತದೆ ಎಂದಾಗುವುದಿಲ್ಲ.

ಹತ್ತಿರದ ಗುರಿ ಎಂಬ ಸಮಾಧಾನ

ಕೊನೆಯ ಉತ್ತರ ಇನ್ನೂ ಚತುರವಾದದ್ದು. ಈ ರೈಫಲ್ ಇರುವುದು ಮೂವತ್ತು ನಲವತ್ತು ಗಜದ ಕೆಲಸಕ್ಕೆ, ಅಲ್ಲಿ ಇಂಚುಗಳ ಲೆಕ್ಕವೇಕೆ ಎನ್ನುತ್ತಾರೆ. ಇದಕ್ಕೆ ಕಾರ್ಬೆಟ್ ಅವರ ಬರಹದಲ್ಲಿಯೇ ಉತ್ತರವಿದೆ. 1907ರಲ್ಲಿ ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು ಗಾಯಗೊಳಿಸಿದ ಹೊತ್ತಿಗೆ ಅವರ ರೈಫಲ್ಲಿನ ತೋಟಗಳು ಮುಗಿದಿದ್ದವು. ತಹಶೀಲ್ದಾರರ ಬಂದೂಕನ್ನು ಕಸಿದುಕೊಂಡು ಓಡಿದ ಅವರಿಗೆ, ಅದರ ನಳಿಗೆಗೂ ಬುಡಕ್ಕೂ ನಡುವೆ ಒಂದು ಸೆಂ.ಮೀ. ಹತ್ತಿರದ ಸಂದು ಇರುವುದು ಹುಲಿಯ ಸಮೀಪ ತಲುಪಿದ ಮೇಲೆ ಕಂಡಿತು. ಸುಮಾರು 20 ಅಡಿ ದೂರದಿಂದ ತೆರೆದ ಬಾಯಿಗೆ ಗುರಿಯಿಟ್ಟರೆ ಗುಂಡು ಮುಂಗಾಲಿನ ಪಂಜಕ್ಕೆ ಬಿತ್ತು. ಮೊದಲಿನ ಗಾಯಗಳಿಂದ ಹುಲಿ ಅದಾಗಲೇ ಸಾಯುತ್ತಿದ್ದುದರಿಂದ ಅವರು ಉಳಿದರು. ಅದು ಜೋಡುನಳಿಗೆಯ ಹೊಂದಿಕೆಯ ದೋಷವಲ್ಲ, ಹಳೆಯ ಬಂದೂಕಿನ ಶಿಥಿಲತೆ. ಆದರೆ ಹತ್ತಿರದ ಗುರಿ ನಿಖರತೆಯ ಅಗತ್ಯವನ್ನು ಕಡಿಮೆ ಮಾಡುವುದಿಲ್ಲ ಎಂಬುದನ್ನು ಈ ಪ್ರಸಂಗದಷ್ಟು ಚೆನ್ನಾಗಿ ತೋರಿಸುವ ಇನ್ನೊಂದು ಉದಾಹರಣೆ ಸಿಗಲಾರದು.

ಮುನ್ನುಗ್ಗುವ ಪ್ರಾಣಿಯ ಮಿದುಳಿನ ಗುರಿ ಚಿಕ್ಕದು. ತಪ್ಪಿದರೆ ಮನುಷ್ಯನ ಜೀವ ಹೋಗುತ್ತದೆ, ಅರೆಬರೆ ತಾಗಿದರೆ ಗಾಯಗೊಂಡ ಪ್ರಾಣಿ ನರಳುತ್ತದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಶಿಕಾರಿಯ ಯುಗ ಮುಗಿಯಿತು, ಅದು ಒಳ್ಳೆಯದೇ ಆಯಿತು. ಆದರೆ ಆಫ್ರಿಕದ ಕೆಲವು ದೇಶಗಳಲ್ಲಿ ವೃತ್ತಿಪರರು ಇಂದಿಗೂ ಈ ರೈಫಲ್ಲನ್ನು ರಕ್ಷಣೆಗಾಗಿ ಹೊರುತ್ತಾರೆ. ಅವರ ಕೈಯಲ್ಲಿ ಅದು ಗಾಜಿನ ಬೀರುವಿನ ವಸ್ತುವಲ್ಲ.

ಹಿಂದಿರುಗಿಸುವ ಮುನ್ನ

ಹಾಗಾದರೆ ಯಾವ ರೈಫಲ್ಲನ್ನು ಹಿಂದಿರುಗಿಸಬೇಕು, ಯಾವುದನ್ನು ಬಾರದು? ಕೊಂಡವನ ಮೇಲೂ ಒಂದು ಹೊಣೆಯಿದೆ. ದೂರು ಕೊಡುವ ಮುನ್ನ ಅವನು ತಯಾರಕ ಹೇಳಿದ ತೂಕದ ಗುಂಡನ್ನೇ ಬಳಸಬೇಕು. ಗುಂಡಿನ ವ್ಯಾಸ ನಳಿಗೆಯ ಒಳವ್ಯಾಸಕ್ಕೆ ಹೊಂದುತ್ತದೆಯೇ ಎಂದು ಅಳೆಯಬೇಕು. ವೇಗಮಾಪಕದಿಂದ ವೇಗವನ್ನೂ ಆ ದಿನದ ಉಷ್ಣತೆಯನ್ನೂ ಬರೆದಿಡಬೇಕು. ರೈಫಲ್ಲನ್ನು ಮರಳಿನ ಚೀಲದ ಮೇಲೆ ಬಿಗಿದು ಹಾರಿಸಬಾರದು. ಹಿನ್ನೆಗೆತದ ಚಲನೆಯೇ ಹೊಂದಿಕೆಯ ಭಾಗವಾದ್ದರಿಂದ ಕೈಯಲ್ಲಿ ಹಿಡಿದು, ಕೈಯನ್ನು ಚೀಲದ ಮೇಲಿಟ್ಟು ಹಾರಿಸಬೇಕು. ಬಲ, ಎಡ ಎಂದು ಜೋಡಿಯಾಗಿ ಹಾರಿಸಿ ನಳಿಗೆಗಳು ಆರಲು ಬಿಡಬೇಕು. ಒಂದು ನಳಿಗೆ ಇನ್ನೊಂದಕ್ಕಿಂತ 5 ಡಿಗ್ರಿ ಹೆಚ್ಚು ಬಿಸಿಯಾದರೂ 66 ಸೆಂ.ಮೀ. ಉದ್ದದಲ್ಲಿ 0.04 ಮಿ.ಮೀ. ಹಿಗ್ಗಲು ನೋಡುತ್ತದೆ. ಬೆಸುಗೆಯಿಂದ ಬಂಧಿತವಾದ ಜೋಡಿ ಆಗ ಬಾಗುತ್ತದೆ. ಹೀಗೆ ಪ್ರತಿ ನಳಿಗೆಯಿಂದ ಹತ್ತು ಗುಂಡು ಹಾರಿಸಿ ಎಲ್ಲ ಕಾಗದಗಳನ್ನೂ, ಕೆಟ್ಟವನ್ನೂ ಒಳ್ಳೆಯವನ್ನೂ, ಉಳಿಸಿಕೊಳ್ಳಬೇಕು.

ಫಲಿತಾಂಶ ಮೂರು ಬಗೆಯಾಗಿರಬಹುದು. ಪ್ರತಿ ನಳಿಗೆಯೂ ತನ್ನ ಗುಂಡುಗಳನ್ನು ಒತ್ತಾಗಿ ಸೇರಿಸಿ, ಎರಡು ಗುಂಪುಗಳು ಮಾತ್ರ ದೂರವಿದ್ದರೆ ಅದು ಹೊಂದಿಕೆಯ ದೋಷ. ತಯಾರಕ ಬೆಣೆ ಸರಿಸಿ ಸರಿಪಡಿಸಬಲ್ಲ, ಅವಕಾಶ ಕೊಡಬೇಕು. ಒಂದೊಂದು ನಳಿಗೆಯೇ ಚೆದರಿಸುತ್ತಿದ್ದರೆ ದೋಷ ನಳಿಗೆಯಲ್ಲಿ ಅಥವಾ ಬಾಯಿಯಲ್ಲಿದೆ. ಯಾವ ಬೆಣೆಯೂ ಅದನ್ನು ಸರಿಪಡಿಸದು, ಹಿಂದಿರುಗಿಸಬೇಕು. ಹೇಳಿದ ತೋಟದಲ್ಲಿ ಸೇರಿ, ತನಗಿಷ್ಟವಾದ ಬೇರೆ ತೋಟದಲ್ಲಿ ಸೇರದಿದ್ದರೆ ರೈಫಲ್ ನಿರ್ದೋಷಿ.

ಕಾನೂನಿನ ಒಂದು ಮಾತು. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯಿದೆ ದೋಷಯುಕ್ತ ವಸ್ತುವನ್ನು 30 ದಿನಗಳೊಳಗೆ ನಿರಾಕರಿಸುವ ಹಕ್ಕನ್ನು ಗ್ರಾಹಕನಿಗೆ ಕೊಟ್ಟಿದೆ. ಆಮೇಲಾದರೆ ಮಾರಿದವನಿಗೆ ಸರಿಪಡಿಸಲು ಒಂದು ಅವಕಾಶ ಕೊಡಬೇಕಾಗುತ್ತದೆ. ನಮ್ಮ 1930ರ ಸರಕು ಮಾರಾಟ ಕಾಯಿದೆಯ 16ನೆಯ ಪ್ರಕರಣ, ಉದ್ದೇಶವನ್ನು ತಿಳಿಸಿ ಮಾರುವವನ ಪರಿಣತಿಯನ್ನು ನಂಬಿ ಕೊಂಡರೆ ವಸ್ತು ಆ ಉದ್ದೇಶಕ್ಕೆ ತಕ್ಕುದಾಗಿರಬೇಕೆನ್ನುತ್ತದೆ. ಆದರೆ ವ್ಯಾಪಾರನಾಮದಿಂದಲೇ ನಿರ್ದಿಷ್ಟ ವಸ್ತುವನ್ನು ಕೊಂಡಾಗ ಈ ರಕ್ಷಣೆ ಇಲ್ಲವೆಂಬ ಷರತ್ತೂ ಅಲ್ಲಿಯೇ ಇದೆ. ಬ್ರಿಟನ್ನಿನಲ್ಲಿ ಇಂಥದೇ ಷರತ್ತನ್ನು 1973ರಲ್ಲಿ ತೆಗೆದುಹಾಕಿದರು. ಹೆಸರನ್ನು ನಂಬಿ ಕೊಳ್ಳುವುದು ಎಷ್ಟು ದುರ್ಬಲವಾದ ನೆಲೆಯೆಂಬುದಕ್ಕೆ ಇದಕ್ಕಿಂತ ಬೇರೆ ಸೂಚನೆ ಬೇಕಿಲ್ಲ. 42ನೆಯ ಪ್ರಕರಣದಂತೆ ಯುಕ್ತ ಕಾಲ ಕಳೆದರೂ ನಿರಾಕರಣೆಯನ್ನು ತಿಳಿಸದವನು, ಅಥವಾ ವಸ್ತುವನ್ನು ತನ್ನದೆಂಬಂತೆ ಬಳಸಿ ಮಾರ್ಪಡಿಸಿದವನು, ಅದನ್ನು ಒಪ್ಪಿಕೊಂಡನೆಂದೇ ಅರ್ಥ. ಸಿಟ್ಟಿನಲ್ಲಿ ಬೇರೊಬ್ಬ ಕುಶಲಕರ್ಮಿಯಿಂದ ಬೆಸುಗೆ ಬಿಚ್ಚಿಸುವುದು ತನ್ನ ಹಕ್ಕನ್ನು ತಾನೇ ಬಿಚ್ಚಿಸಿಕೊಂಡಂತೆ.

ಈ ಎಲ್ಲವನ್ನೂ ಸೇರಿಸಿ ನೋಡಿದರೆ, ಆಕ್ಷೇಪಿಸಬೇಕಾದದ್ದು ಕಸುಬನ್ನಲ್ಲ. ಬೆಣೆ ಸರಿಸಿ ಹಾರಿಸಿ ನೋಡುವ ಕುಶಲಕರ್ಮಿ ತನ್ನ ಕೆಲಸವನ್ನು ಗುರಿಹಲಗೆಯ ತೀರ್ಪಿಗೆ ಒಪ್ಪಿಸಿರುತ್ತಾನೆ. ಆಕ್ಷೇಪಿಸಬೇಕಾದದ್ದು ಆ ತೀರ್ಪನ್ನು ನಾಲ್ಕು ರಂಧ್ರಗಳಿಗೆ ಇಳಿಸಿ, ಉಳಿದದ್ದನ್ನು ಕೆತ್ತನೆ, ಅಕ್ರೋಟು ಮರದ ಹೊಳಪು ಮತ್ತು ಮನೆತನದ ಹೆಸರಿನಿಂದ ತುಂಬಿಸುವ ವ್ಯಾಪಾರದ ರೂಢಿಯನ್ನು. ಪ್ರತಿ ನಳಿಗೆಯ ಚೆದರಿಕೆ ಎಷ್ಟು, ಕೇಂದ್ರಗಳ ಅಂತರ ಎಷ್ಟು, ಯಾವ ತೋಟ, ಯಾವ ವೇಗ, ಯಾವ ಉಷ್ಣತೆ, ಎಷ್ಟು ಗುಂಡು ಎಂಬ ಆರು ಅಂಕಿಗಳನ್ನು ರಸೀತಿಯ ಜೊತೆ ಬರೆದುಕೊಡುವುದು ಯಾವ ತಯಾರಕನಿಗೂ ಕಷ್ಟವಲ್ಲ. ಅವು ಕೈಯಲ್ಲಿದ್ದರೆ ರೈಫಲ್ ಹಿಂದಿರುಗುವ ಪ್ರಸಂಗಗಳು ಕಡಿಮೆಯಾಗುತ್ತವೆ. ಹಿಂದಿರುಗಿದಾಗಲೂ ತಪ್ಪು ಯಾರದೆಂಬುದನ್ನು ಮಾತಿನಿಂದಲ್ಲದೆ ಅಳತೆಯಿಂದ ತೀರ್ಮಾನಿಸಬಹುದು.